ಟ್ಯೂಬ್ ಹಾಕುವಾಗಲೋ, ಕೆಮ್ಮುವಾಗಲೋ? ಬ್ರಿಸ್ಟಲ್‌ನ ಅರಿವಳಿಕೆ ತಜ್ಞರು ಓಟಿಯ ಗಾಳಿಯನ್ನು ಅಳೆದ ಪ್ರಕರಣ

2020ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಯಾರ ಮುಖಕ್ಕೆ ಯಾವ ಮಾಸ್ಕ್ ಎಂಬುದನ್ನು ಒಂದು ಪಟ್ಟಿ ತೀರ್ಮಾನಿಸುತ್ತಿತ್ತು. ಕೋವಿಡ್ ರೋಗಿಯ ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ವೈದ್ಯರಿಗೆ ಎಫ್‌ಎಫ್‌ಪಿ3 ಮಾಸ್ಕ್, ಉದ್ದ ತೋಳಿನ ಗೌನು, ಮುಖಕ್ಕೆ ಪಾರದರ್ಶಕ ಮರೆ. ಎಫ್‌ಎಫ್‌ಪಿ3 ಎಂದರೆ ನಮ್ಮಲ್ಲಿ ಬಳಕೆಯಲ್ಲಿರುವ ಎನ್-95ರ ಜಾತಿಯದೇ, ಸೋಸುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಅದೇ ರೋಗಿ ಹಿಂದಿನ ದಿನ ವಾರ್ಡಿನಲ್ಲಿ ಬಿಡದೆ ಕೆಮ್ಮುತ್ತ ಮಲಗಿದ್ದಾಗ ಅವರ ಹಾಸಿಗೆ ಸರಿಪಡಿಸಿದ ಸಿಸ್ಟರ್‌ಗೆ, ಊಟದ ತಟ್ಟೆ ಇಟ್ಟವರಿಗೆ, ಮಂಚದ ಕೆಳಗೆ ಒರೆಸಿದವರಿಗೆ ಸಾಧಾರಣ ಸರ್ಜಿಕಲ್ ಮಾಸ್ಕ್ ಮತ್ತು ಪ್ಲಾಸ್ಟಿಕ್ ಏಪ್ರನ್ ಸಾಕು ಎಂದು ಸರ್ಕಾರದ ಸೂಚನೆ ಹೇಳುತ್ತಿತ್ತು.

ಆ ಪಟ್ಟಿಗೆ 'ಏರೋಸಾಲ್ ಹೊಮ್ಮಿಸುವ ಪ್ರಕ್ರಿಯೆಗಳು' ಎಂದು ಹೆಸರು. ಏರೋಸಾಲ್ ಎಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳು. ಆಸ್ಪತ್ರೆಯ ಆಡುಮಾತಿನಲ್ಲಿ ಎಜಿಪಿ. ಟ್ಯೂಬ್ ಹಾಕುವುದು, ತೆಗೆಯುವುದು, ಮಾಸ್ಕ್ ಒತ್ತಿ ಕೈಯಿಂದ ಬ್ಯಾಗ್ ಹಿಚುಕಿ ಉಸಿರು ಕೊಡುವುದು, ಹೆಚ್ಚು ವೇಗದಲ್ಲಿ ಮೂಗಿಗೆ ಆಮ್ಲಜನಕ ಹರಿಸುವುದು, ಕತ್ತಿನಲ್ಲಿ ರಂಧ್ರ ಮಾಡಿ ಟ್ರಕಿಯಾಸ್ಟಮಿ ಮಾಡುವುದು, ಎಲ್ಲವೂ ಅದರೊಳಗಿದ್ದವು. ಪಟ್ಟಿಯ ಬಹುಪಾಲು ಕೆಲಸಗಳು ಅರಿವಳಿಕೆ ತಜ್ಞರ ಕೈಗೆ ಬರುವಂಥವು. ಹಾಗಾಗಿ ಅತ್ಯುತ್ತಮ ರಕ್ಷಣೆಯೂ ಅವರಿಗೇ ಮೊದಲು ಸಿಕ್ಕಿತು. ಕೆಲವೇ ತಿಂಗಳಲ್ಲಿ ಈ ಪಟ್ಟಿಗೆ ಆಧಾರವೇನು ಎಂದು ಕೇಳಿ, ಉಪಕರಣ ಹಿಡಿದು ಅಳೆಯಲು ಹೊರಟವರೂ ಅವರೇ. ಅಳೆದ ಮೇಲೆ ಅವರು ಹೇಳಿದ್ದು ಇಷ್ಟು: ನಮ್ಮ ಕೈಕೆಲಸಕ್ಕಿಂತ ರೋಗಿಯ ಕೆಮ್ಮು ಹೆಚ್ಚು ಅಪಾಯಕಾರಿ, ಆ ಕೆಮ್ಮಿನ ಎದುರು ದಿನವಿಡೀ ನಿಲ್ಲುವವರಿಗೆ ನೀವು ಕಡಿಮೆ ದರ್ಜೆಯ ಮಾಸ್ಕ್ ಕೊಟ್ಟಿದ್ದೀರಿ. ಕೋವಿಡ್ ಕಾಲದಲ್ಲಿ ಒಂದು ವೃತ್ತಿಸಮುದಾಯ ತೋರಿದ ಅತ್ಯಂತ ಪ್ರಾಮಾಣಿಕ ನಡೆಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಅದಕ್ಕೇ ಈ ಪ್ರಕರಣವನ್ನು ಮೊದಲಿನಿಂದ ಬಿಡಿಸಿ ಬರೆಯುತ್ತಿದ್ದೇನೆ.

ಭಯ ಹುಟ್ಟಿದ್ದು ಎಲ್ಲಿ

ಕಥೆ 2003ರಲ್ಲಿ ಹಬ್ಬಿದ, ಕೋವಿಡ್‌ನ ಸಂಬಂಧಿಯಾದ ಸಾರ್ಸ್ ಕಾಯಿಲೆಗೆ ಹೋಗುತ್ತದೆ. ಟೊರಾಂಟೊ, ಹಾಂಗ್‌ಕಾಂಗ್, ಸಿಂಗಪುರ, ಚೀನಾದ ಆಸ್ಪತ್ರೆಗಳಲ್ಲಿ ವೈದ್ಯರು, ಸಿಸ್ಟರ್‌ಗಳು ಸಾಲುಸಾಲಾಗಿ ಸೋಂಕಿಗೆ ಒಳಗಾದರು. ಕೆನಡಾದಲ್ಲಿ ಮಾತ್ರವೇ, ರೋಗಿಗಳೂ ಸೇರಿ ಒಟ್ಟು 44 ಜನ ಸತ್ತರು. ಯಾರಿಗೆ ಸೋಂಕು ತಗಲಿತು, ಅವರು ರೋಗಿಯ ಬಳಿ ಏನು ಮಾಡುತ್ತಿದ್ದರು ಎಂದು ಆಮೇಲೆ ಕೇಳಿ ಬರೆದುಕೊಂಡ ಅಧ್ಯಯನಗಳು ಕೆಲವು ಬಂದವು. 2012ರಲ್ಲಿ ಕೆನಡಾದ ಸಂಶೋಧಕರು ಅಂಥ ಹತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಟ್ಯೂಬ್ ಹಾಕುವ ಕೆಲಸದಲ್ಲಿ ಭಾಗಿಯಾದವರಿಗೆ ಸೋಂಕಿನ ಸಾಧ್ಯತೆ, ಆಡ್ಸ್ (ಸೋಂಕು ತಗಲಿದವರಿಗೂ ತಗಲದವರಿಗೂ ಇರುವ ಅನುಪಾತ) ಲೆಕ್ಕದಲ್ಲಿ, ಉಳಿದವರಿಗಿಂತ 6.6 ಪಟ್ಟು ಎಂದು ಬಂತು. ಈ ಅಂಕಿಯನ್ನು ಮುಂದಿನ ಎಂಟು ವರ್ಷ ಜಗತ್ತಿನ ಬಹುತೇಕ ಮಾರ್ಗಸೂಚಿಗಳು ಉದ್ಧರಿಸಿದವು.

ಅದೇ ಬರಹದಲ್ಲಿ ಲೇಖಕರು ತಮ್ಮ ಪುರಾವೆಯ ಗುಣಮಟ್ಟ 'ತೀರಾ ಕಡಿಮೆ' ಎಂದು ಸ್ಪಷ್ಟವಾಗಿಯೇ ಬರೆದಿದ್ದರು. ಆ ಹತ್ತರಲ್ಲಿ ಯಾವುದೂ ಗಾಳಿಯನ್ನು ಅಳೆದಿರಲಿಲ್ಲ. ಸಾರ್ಸ್ ರೋಗಿಗೆ ಟ್ಯೂಬ್ ಹಾಕುವ ಹೊತ್ತು ಎಂಥದ್ದು ಎಂದು ಕಣ್ಣಮುಂದೆ ತಂದುಕೊಳ್ಳಿ. ಕಾಯಿಲೆ ಉತ್ತುಂಗಕ್ಕೇರಿದೆ, ವೈರಾಣು ಹೇರಳವಾಗಿದೆ, ರೋಗಿ ಏದುಸಿರು ಬಿಡುತ್ತ ಕೆಮ್ಮುತ್ತಿದ್ದಾರೆ, ಚಿಕ್ಕ ಕೋಣೆಯಲ್ಲಿ ಐದಾರು ಜನ ಒತ್ತೊತ್ತಾಗಿ ನಿಂತು ಬಹಳ ಹೊತ್ತು ಹೆಣಗಾಡಿದ್ದಾರೆ. ಸೋಂಕು ಟ್ಯೂಬಿನಿಂದ ಬಂತೋ, ಅದಕ್ಕೆ ಮುಂಚಿನ ಅರ್ಧ ಗಂಟೆಯ ಕೆಮ್ಮಿನಿಂದ ಬಂತೋ ಎಂದು ಬೇರ್ಪಡಿಸಿ ಹೇಳುವ ದಾರಿ ಆ ಅಧ್ಯಯನಗಳಿಗೆ ಇರಲಿಲ್ಲ. ಎಚ್ಚರಿಕೆಯ ಮಾತು ಬಿಟ್ಟುಹೋಗಿ 6.6 ಮಾತ್ರ ಉಳಿದುಕೊಂಡಿತು.

ಹೀಗಾಗಿ 2020ರ ವಸಂತದಲ್ಲಿ ಅರಿವಳಿಕೆ ತಜ್ಞರನ್ನು ಹಿಡಿದಿದ್ದು ನಿಜವಾದ ಭಯ. ಟ್ಯೂಬ್ ಹಾಕುವವರು ರೋಗಿಯ ತಲೆಯ ಹಿಂದೆ ನಿಂತು ಬಾಯಿಯೊಳಗೆ ಬಗ್ಗಿ ನೋಡುತ್ತಾರೆ. ಇಬ್ಬರ ಮುಖಗಳ ನಡುವೆ ಒಂದು ಮೊಳಕ್ಕಿಂತ ಹೆಚ್ಚು ಅಂತರ ಇರುವುದಿಲ್ಲ. ವುಹಾನ್‌ನಿಂದ, ಇಟಲಿಯ ಲೊಂಬಾರ್ಡಿಯಿಂದ ಬರುತ್ತಿದ್ದ ಸುದ್ದಿ ಕೇಳಿ ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರು ಬೇರೆ ಕೋಣೆ ಹಿಡಿದರು, ಕೆಲವರು ಉಯಿಲು ಬರೆದಿಟ್ಟರು. ಆ ಹೊತ್ತಿನಲ್ಲಿ ಬಾತ್ ನಗರದ ಅರಿವಳಿಕೆ ತಜ್ಞ ಟಿಮ್ ಕುಕ್, ಲಂಡನ್ನಿನ ಕರೀಮ್ ಎಲ್-ಬೊಗ್ದಾಡ್ಲಿ ಮತ್ತು ಸಂಗಡಿಗರು ಸಿದ್ಧಪಡಿಸಿದ ಮಾರ್ಗಸೂಚಿ ಮೂರು ಪದಗಳ ಸುತ್ತ ನಿಂತಿತ್ತು: ಸುರಕ್ಷಿತ, ನಿಖರ, ಚುರುಕು. ಇದ್ದವರಲ್ಲಿ ಹೆಚ್ಚು ಅನುಭವಿ ಟ್ಯೂಬ್ ಹಾಕಲಿ. ಬಗ್ಗಿ ನೋಡುವ ಬದಲು ಪರದೆಯ ಮೇಲೆ ತೋರಿಸುವ ವಿಡಿಯೊ ಲ್ಯಾರಿಂಗೋಸ್ಕೋಪ್ ಬಳಸಲಿ. ಕೋಣೆಯಲ್ಲಿ ಬೇಡದವರು ಯಾರೂ ಇರದಿರಲಿ. ಸ್ನಾಯು ಸಡಿಲಿಸುವ ಔಷಧ ಪೂರ್ತಿ ಹಿಡಿಯುವವರೆಗೆ ಕಾಯಲಿ, ಟ್ಯೂಬಿನ ಸುತ್ತ ನಾಳವನ್ನು ಬಿಗಿಯಾಗಿ ಮುಚ್ಚುವ ಬಲೂನು ಉಬ್ಬಿಸಿದ ಮೇಲೆಯೇ ಗಾಳಿ ಕೊಡಲಿ. ನಮ್ಮಲ್ಲಿ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘವೂ ಅದೇ ವರ್ಷ ಓಟಿಗಳಿಗಾಗಿ ತನ್ನ ಸೂಚನೆಗಳನ್ನು ಹೊರಡಿಸಿತು.

ಭಯದಲ್ಲಿ ಹುಟ್ಟಿದ ಪರಿಹಾರಗಳೆಲ್ಲ ಒಳ್ಳೆಯವಾಗಲಿಲ್ಲ. ತೈವಾನ್‌ನ ವೈದ್ಯರೊಬ್ಬರು ರೂಪಿಸಿದ ಪಾರದರ್ಶಕ ಪೆಟ್ಟಿಗೆ ಕೆಲವೇ ವಾರಗಳಲ್ಲಿ ಜಗತ್ತೆಲ್ಲ ಹಬ್ಬಿತು. ರೋಗಿಯ ತಲೆಯ ಮೇಲೆ ಅಕ್ರಿಲಿಕ್ ಡಬ್ಬ ಇಟ್ಟು ಅದರ ಎರಡು ತೂತುಗಳಲ್ಲಿ ಕೈ ತೂರಿಸಿ ಟ್ಯೂಬ್ ಹಾಕುವುದು. ನಮ್ಮ ಊರುಗಳಲ್ಲೂ ಅಕ್ರಿಲಿಕ್ ಶೀಟು ಕತ್ತರಿಸಿ ಇಂಥವನ್ನು ಮಾಡಿಸಿ ಆಸ್ಪತ್ರೆಗಳಿಗೆ ದಾನ ಕೊಟ್ಟವರಿದ್ದರು. ಮೆಲ್ಬರ್ನ್‌ನಲ್ಲಿ ಅರಿವಳಿಕೆ ತಜ್ಞರನ್ನೇ ಕರೆಸಿ ಪ್ರತಿಕೃತಿಯ ಮೇಲೆ ಪರೀಕ್ಷಿಸಿದಾಗ ಪೆಟ್ಟಿಗೆಯಿಂದ ಟ್ಯೂಬ್ ಹಾಕುವುದು ನಿಧಾನವಾಯಿತು, ತೂತಿನ ಅಂಚು ತಗುಲಿ ಗೌನು ಹರಿಯಿತು. ಅದೇ ನಗರದ ಇನ್ನೊಂದು ತಂಡ ಕಣಗಳನ್ನು ಎಣಿಸಿದಾಗ, ಪೆಟ್ಟಿಗೆಯೊಳಗೆ ಶೇಖರವಾದ ಗಾಳಿ ಕೈಯ ತೂತುಗಳಿಂದ ನೇರ ವೈದ್ಯರ ಮುಖದತ್ತ ಬರುವುದು ಕಂಡಿತು. ಏನೂ ಇಲ್ಲದಿರುವುದೇ ಆ ಪೆಟ್ಟಿಗೆಗಿಂತ ವಾಸಿಯಾಗಿತ್ತು. ಆಗಸ್ಟ್ 2020ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮರೆಗಳಿಗೆ ಕೊಟ್ಟಿದ್ದ ತುರ್ತು ಅನುಮತಿಯನ್ನು ಹಿಂತೆಗೆದುಕೊಂಡಿತು. ಒಳ್ಳೆಯ ಮನಸ್ಸಿನಿಂದ ಮಾಡಿದ್ದನ್ನೂ ಅಳೆದು ನೋಡಬೇಕು ಎಂಬ ಒತ್ತಾಯ ಆಗ ತಜ್ಞರ ನಡುವೆ ಬಲವಾಯಿತು.

ಅಳತೆ

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅರಿವಳಿಕೆ ತಜ್ಞರು ಏರೋಸಾಲ್ ವಿಜ್ಞಾನಿಗಳ ಜತೆ ಕೂಡಿಕೊಂಡರು. ವೈದ್ಯರ ಕಡೆಯಿಂದ ಜೂಲ್ಸ್ ಬ್ರೌನ್, ಆಂಡ್ರ್ಯೂ ಶ್ರಿಂಪ್ಟನ್, ಟೋನಿ ಪಿಕರಿಂಗ್, ಬಾತ್‌ನಿಂದ ಟಿಮ್ ಕುಕ್. ವಿಶ್ವವಿದ್ಯಾಲಯದ ಕಡೆಯಿಂದ ಫ್ಲಾರೆನ್ಸ್ ಗ್ರೆಗ್ಸನ್, ಬ್ರಯಾನ್ ಬ್ಜ್ಡೆಕ್, ಜೊನಾಥನ್ ರೀಡ್. ಆಸ್ಪತ್ರೆಯವರಿಗೆ ರೋಗಿ ಗೊತ್ತು, ಗಾಳಿಯ ಕಣ ಗೊತ್ತಿಲ್ಲ. ವಿಜ್ಞಾನಿಗಳಿಗೆ ಕಣ ಗೊತ್ತು, ಓಟಿಯ ಒಳಗೆ ಕಾಲಿಟ್ಟವರಲ್ಲ. ಇಬ್ಬರೂ ಒಂದೇ ಟೇಬಲ್ಲಿನ ಸುತ್ತ ನಿಂತಿದ್ದರಿಂದಲೇ ಈ ಕೆಲಸ ಸಾಧ್ಯವಾಯಿತು.

ಮೊದಲ ತೊಡಕು ಕೋಣೆಯದೇ. ಮಾಮೂಲಿ ಕೋಣೆಯ ಗಾಳಿಯಲ್ಲಿ ಧೂಳು, ಬಟ್ಟೆಯ ನಾರು, ಚರ್ಮದ ಪುಡಿ ಎಂದು ಪ್ರತಿ ಲೀಟರಿಗೆ ಸಾವಿರಾರು ಕಣಗಳಿರುತ್ತವೆ. ಆ ಗದ್ದಲದಲ್ಲಿ ರೋಗಿಯ ಬಾಯಿಂದ ಬಂದ ಕಣಗಳನ್ನು ಗುರುತಿಸುವುದಾಗದು. ಅದಕ್ಕಾಗಿ ಅವರು ಆರಿಸಿಕೊಂಡಿದ್ದು ಮೂಳೆ ಶಸ್ತ್ರಚಿಕಿತ್ಸೆಗೆ ಬಳಸುವ ಅತಿ ಶುದ್ಧ ಗಾಳಿಯ ಓಟಿ. ಚಾವಣಿಯಿಂದ ಸೋಸಿದ ಗಾಳಿ ಒಂದೇ ಸಮನೆ ಕೆಳಗಿಳಿಯುವ ಅಲ್ಲಿ ಹಿನ್ನೆಲೆ ಎಣಿಕೆ ಲೀಟರಿಗೆ 0.4 ಕಣ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ. ರೋಗಿಯ ಬಾಯಿಗೂ ವೈದ್ಯರ ಮುಖಕ್ಕೂ ನಡುವಿನ ಜಾಗದಲ್ಲಿ, ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ ಗಾಳಿ ಹೀರುವ ಫನೆಲ್ ಇಟ್ಟರು. ಅದರ ಹಿಂದೆ ಬೆಳಕು ಹಾಯಿಸಿ ಕಣದ ಗಾತ್ರ ಅಳೆಯುವ ಯಂತ್ರ, ಆಪ್ಟಿಕಲ್ ಪಾರ್ಟಿಕಲ್ ಸೈಜರ್. 0.3 ಮೈಕ್ರಾನ್‌ನಿಂದ 10 ಮೈಕ್ರಾನ್‌ವರೆಗಿನ ಕಣಗಳನ್ನು ಅದು ಕ್ಷಣಕ್ಷಣಕ್ಕೆ ಎಣಿಸುತ್ತಿತ್ತು. ಎದುರಿಗಿದ್ದವರು ನಿಜವಾದ ರೋಗಿಗಳು, ನಡೆಯುತ್ತಿದ್ದದ್ದು ನಿಜವಾದ ಅರಿವಳಿಕೆ. ಹೋಲಿಕೆಗೆ, ಎಚ್ಚರವಿರುವವರು ಬೇಕೆಂದೇ ಕೆಮ್ಮಿದಾಗ ಎಷ್ಟು ಕಣ ಬರುತ್ತದೆ ಎಂಬುದನ್ನೂ ಅದೇ ಯಂತ್ರದಿಂದ ಅಳೆದರು.

2020ರ ಅಕ್ಟೋಬರ್‌ನಲ್ಲಿ ಅನೆಸ್ತೀಷಿಯಾ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕೆಮ್ಮಿದಾಗ ಲೀಟರ್ ಗಾಳಿಗೆ ಸರಾಸರಿ 732 ಕಣ. ಮಾಸ್ಕಿನಲ್ಲಿ ಉಸಿರು ಕೊಡುವುದೂ ಸೇರಿ ಟ್ಯೂಬ್ ಹಾಕುವ ಇಡೀ ಪ್ರಕ್ರಿಯೆಯಲ್ಲಿ ಸರಾಸರಿ 1.4. ಟ್ಯೂಬ್ ತೆಗೆಯುವಾಗ 21. ಅಂದರೆ ತೆಗೆಯುವಾಗ ಬರುವುದು ಹಾಕುವಾಗಿನದರ 15 ಪಟ್ಟು, ಆದರೂ ಒಂದು ಸಾಮಾನ್ಯ ಕೆಮ್ಮಿನ 35ನೇ ಒಂದು ಪಾಲು.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಈ ಮೂರು ಅಂಕಿಗಳ ಹಿಂದಿನ ಕಾರಣದಲ್ಲಿದೆ. ನಮ್ಮ ದೇಹದಲ್ಲಿ ಏರೋಸಾಲ್ ಹುಟ್ಟುವುದು ಮುಖ್ಯವಾಗಿ ಮೂರು ಬಗೆಯಲ್ಲಿ. ಉಸಿರು ಪೂರ್ತಿ ಹೊರಬಿಟ್ಟಾಗ ಶ್ವಾಸಕೋಶದ ಆಳದ ಕಿರುನಾಳಗಳು ಮುಚ್ಚಿಕೊಳ್ಳುತ್ತವೆ. ಮತ್ತೆ ಉಸಿರೆಳೆದಾಗ ಅವು ತೆರೆದುಕೊಳ್ಳುತ್ತ, ನಡುವೆ ಅಂಟಿಕೊಂಡ ತೆಳು ದ್ರವದ ಪೊರೆ ಸೋಪಿನ ಗುಳ್ಳೆಯ ಹಾಗೆ ಒಡೆದು ಸಣ್ಣ ಕಣಗಳಾಗುತ್ತದೆ. ಮಾತಾಡುವಾಗ, ಹಾಡುವಾಗ ಧ್ವನಿತಂತುಗಳು ಬಡಿದು ಬಿಡಿಸಿಕೊಳ್ಳುವಾಗ ಅಲ್ಲೂ ಹೀಗೇ ಆಗುತ್ತದೆ. ಕೆಮ್ಮುವಾಗ ಅತಿ ವೇಗದ ಗಾಳಿ ನಾಳದ ಗೋಡೆಯ ಲೋಳೆಯನ್ನು ಕೆರೆದು ಎಬ್ಬಿಸುತ್ತದೆ. ಮೂರಕ್ಕೂ ಬೇಕಾದದ್ದು ರೋಗಿಯ ಸ್ವಂತ ಉಸಿರಿನ ಬಲ.

ಈಗ ಅರಿವಳಿಕೆಯ ಟೇಬಲ್ಲಿಗೆ ಬನ್ನಿ. ಮೂರರಿಂದ ಐದು ನಿಮಿಷ ಬಿಗಿಯಾಗಿ ಹಿಡಿದ ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟಾಗಿದೆ. ನಿದ್ದೆಯ ಔಷಧ ಹೋಗಿದೆ, ಬೆನ್ನಿಗೇ ಸ್ನಾಯು ಸಡಿಲಿಸುವ ಔಷಧ. ಸುಮಾರು ಒಂದು ನಿಮಿಷದಲ್ಲಿ ಎದೆಯ ಏರಿಳಿತ ನಿಲ್ಲುತ್ತದೆ, ದವಡೆ ಸಡಿಲುತ್ತದೆ. ಲ್ಯಾರಿಂಗೋಸ್ಕೋಪಿನ ಪರದೆಯಲ್ಲಿ ಧ್ವನಿತಂತುಗಳು ಅಲುಗಾಡದೆ ತೆರೆದು ನಿಂತಿರುತ್ತವೆ. ಟ್ಯೂಬ್ ಅವುಗಳ ನಡುವೆ ಇಳಿಯುತ್ತದೆ, ಬಲೂನು ಉಬ್ಬುತ್ತದೆ, ಉಸಿರಿನ ಯಂತ್ರದ ಕೊಳವೆಗಳ ಸರ್ಕ್ಯೂಟ್ ಜೋಡಣೆಯಾಗುತ್ತದೆ. ಔಷಧ ಹಿಡಿದ ಮೇಲೆ ಇಷ್ಟೂ ಹೊತ್ತು ರೋಗಿ ಕೆಮ್ಮಿಲ್ಲ, ಮಾತಾಡಿಲ್ಲ, ತಾನಾಗಿ ಉಸಿರೂ ಆಡಿಲ್ಲ. ಕಣ ಹುಟ್ಟಿಸುವ ಯಂತ್ರವೇ ನಿಂತಿದೆ. ಬಲೂನು ಉಬ್ಬಿದ ಮೇಲಂತೂ ಶ್ವಾಸಕೋಶದ ಗಾಳಿ ಫಿಲ್ಟರಿನ ಮೂಲಕವೇ ಹೊರಬರಬೇಕು. ಹೀಗೆ ನೋಡಿದರೆ ಸೋಂಕಿತ ರೋಗಿಯ ಬಳಿ ನಿಲ್ಲಲು ಅತ್ಯಂತ ಕಡಿಮೆ ಅಪಾಯದ ಹೊತ್ತು ಇದೇ ಆಗಿರಬಹುದು. ಪಟ್ಟಿ ಇದನ್ನೇ ಅತ್ಯಂತ ಅಪಾಯದ ಹೊತ್ತು ಎಂದಿತ್ತು.

ಟ್ಯೂಬ್ ತೆಗೆಯುವ ಹೊತ್ತಿನ ಕಥೆ ಬೇರೆ. ರೋಗಿ ಎಚ್ಚರಗೊಳ್ಳುತ್ತಿದ್ದಾರೆ, ಗಂಟಲಲ್ಲಿ ಪ್ಲಾಸ್ಟಿಕ್ ಇದೆ, ಲೋಳೆ ಹೀರುವ ಸಕ್ಷನ್ ಕೊಳವೆ ಹೋದರೆ ಇನ್ನಷ್ಟು ಕೆರಳುತ್ತದೆ. ಕೆಮ್ಮು ಬರುತ್ತದೆ. ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಗಿದ ನಿರಾಳದಲ್ಲಿ ಮಾಸ್ಕ್ ಸಡಿಲಿಸಿದವರು, ಗಾಡಿ ತಳ್ಳಲು ಒಳಬಂದ ವಾರ್ಡ್ ಬಾಯ್, ಕೇಸ್ ಶೀಟು ಬರೆಯುತ್ತ ತಲೆಯ ಬಳಿಯೇ ನಿಂತವರು, ಹೀಗೆ ಟೇಬಲ್ಲಿನ ಸುತ್ತ ಜನ ಹೆಚ್ಚಿರುತ್ತಾರೆ. ಟ್ಯೂಬ್ ಹಾಕುವಾಗ ಕೋಣೆ ಖಾಲಿ ಮಾಡಿಸುವ ಶಿಸ್ತು ತೆಗೆಯುವಾಗ ಸಡಿಲಗೊಂಡರೆ ಲೆಕ್ಕ ಪೂರ್ತಿ ಉಲ್ಟಾ ಆಗುತ್ತದೆ.

ಬ್ರಿಸ್ಟಲ್ ತಂಡ ಇಷ್ಟಕ್ಕೇ ನಿಲ್ಲಿಸಲಿಲ್ಲ. ಗಂಟಲ ಮೇಲ್ಭಾಗದಲ್ಲಿ ಕೂರಿಸುವ ಎಲ್‌ಎಂಎ ಬಗೆಯ ಸಾಧನ, ಮಾಸ್ಕಿನಲ್ಲಿ ಕೈಯಿಂದ ಉಸಿರು ಕೊಡುವುದು, ಎರಡನ್ನೂ ಅಳೆದರು. ಮಾಸ್ಕಿನ ಅಂಚಿನಲ್ಲಿ ಬೇಕೆಂದೇ ಸೋರಿಕೆ ಬಿಟ್ಟು ನೋಡಿದಾಗಲೂ ಕಣಗಳು ರೋಗಿಯ ಮಾಮೂಲಿ ಉಸಿರಾಟದಷ್ಟೂ ಬರಲಿಲ್ಲ. ಬಿಗಿ ಮಾಸ್ಕಿನಲ್ಲಿ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮತ್ತು ಮೂಗಿಗೆ ಹೆಚ್ಚು ವೇಗದಲ್ಲಿ ಹರಿಸುವ (ಹೈ-ಫ್ಲೋ) ಆಮ್ಲಜನಕದ ಅಳತೆ ಇನ್ನೊಂದು ಸಂಗತಿ ತೋರಿಸಿತು. ಹೈ-ಫ್ಲೋ ಯಂತ್ರ ಹಾಕಿದಾಗ ಕಂಡ ಕಣಗಳಲ್ಲಿ ಬಹುಪಾಲು ಯಂತ್ರದ ತೇವದ್ದು, ರೋಗಿಯದ್ದಲ್ಲ. ಇದು ಕೇಳಲು ಸಣ್ಣ ವಿಷಯ. ಆದರೆ 2020ರ ಆರಂಭದಲ್ಲಿ ಗಾಳಿಗೆ ಸೋಂಕು ಹರಡೀತೆಂಬ ಭಯದಿಂದಲೇ ಎಷ್ಟೋ ಕಡೆ ರೋಗಿಗಳಿಗೆ ಈ ಯಂತ್ರ ತಪ್ಪಿ, ಬೇಗನೆ ವೆಂಟಿಲೇಟರಿಗೆ ಹಾಕಲಾಗಿತ್ತು.

ಒಪ್ಪದವರು

ಅರಿವಳಿಕೆ ತಜ್ಞರೆಲ್ಲ ಒಂದೇ ದನಿಯಲ್ಲಿ ತಲೆದೂಗಿದರು ಎಂದರೆ ಸುಳ್ಳಾಗುತ್ತದೆ. ಹೆಚ್ಚುಕಡಿಮೆ ಅದೇ ಸಮಯಕ್ಕೆ, ಅದೇ ಪತ್ರಿಕೆಯಲ್ಲಿ ಮೆಲ್ಬರ್ನ್‌ನ ತಂಡವೊಂದು ಬೇರೆ ಮಾತು ಹೇಳಿತು. ಮಾಸ್ಕಿನಲ್ಲಿ ಉಸಿರು ಕೊಡುವಾಗ, ಟ್ಯೂಬ್ ಇಳಿಸುವಾಗ, ಬಲೂನು ಉಬ್ಬಿಸುವಾಗ ಹಿನ್ನೆಲೆಗಿಂತ 30ರಿಂದ 300 ಪಟ್ಟು ಸಣ್ಣ ಕಣಗಳು ಎದ್ದು ಓಟಿಯುದ್ದಕ್ಕೂ ಹರಡಿದವು ಎಂಬುದು ಅವರ ಅಳತೆ. ಅಳೆದದ್ದು ಬೆರಳೆಣಿಕೆಯ ರೋಗಿಗಳಲ್ಲಿ, ಆದರೆ ಅಳೆದ ರೀತಿ ಗಂಭೀರವಾಗಿತ್ತು. ಎರಡೂ ತಂಡಗಳು ಪ್ರಾಮಾಣಿಕವಾಗಿಯೇ ಅಳೆದಿದ್ದರೂ ಉತ್ತರ ಬೇರೆ ಬಂದದ್ದೇಕೆ? ಹೋಲಿಕೆಯ ಮೂಲ ಬೇರೆಯಾಗಿದ್ದುದು ದೊಡ್ಡ ಕಾರಣ ಎಂದು ನನಗನಿಸುತ್ತದೆ. ಮೆಲ್ಬರ್ನ್ ಹೋಲಿಸಿದ್ದು ಓಟಿಯ ಶುದ್ಧ ಹಿನ್ನೆಲೆಗೆ. ಬ್ರಿಸ್ಟಲ್ ಹೋಲಿಸಿದ್ದು ಕೆಮ್ಮಿಗೆ. ಹಿನ್ನೆಲೆ ಶೂನ್ಯದ ಹತ್ತಿರ ಇದ್ದಾಗ ನೂರು ಪಟ್ಟು ಎಂಬುದೂ ಚಿಕ್ಕ ಸಂಖ್ಯೆಯೇ ಆಗಿರಬಹುದು. ವಾರ್ಡಿನಲ್ಲಿ ನಿಂತ ಸಿಸ್ಟರ್ ಪಡುವ ಅಪಾಯಕ್ಕೆ ಹೋಲಿಸಬೇಕಾದರೆ ಕೆಮ್ಮೇ ಸರಿಯಾದ ಅಳತೆಗೋಲು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ನಾನೂ ಒಪ್ಪುತ್ತೇನೆ. ಬ್ರಿಸ್ಟಲ್‌ನ ರೋಗಿಗಳು ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಬಂದವರು. ಯಂತ್ರ ಎಣಿಸಿದ್ದು ಕಣಗಳನ್ನು, ಜೀವಂತ ವೈರಾಣುವನ್ನಲ್ಲ. ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ಆಮ್ಲಜನಕ ಕುಸಿಯುತ್ತಿರುವ, ಚಡಪಡಿಸುತ್ತಿರುವ ರೋಗಿಗೆ ಔಷಧ ಪೂರ್ತಿ ಹಿಡಿಯುವ ಮುನ್ನವೇ ಟ್ಯೂಬ್ ಹಾಕಬೇಕಾಗಿ ಬಂದರೆ ಅವರು ವೈದ್ಯರ ಮುಖಕ್ಕೇ ಕೆಮ್ಮಬಹುದು. ಅಪಾಯ ಟ್ಯೂಬಿನಿಂದಲೋ ಕೆಮ್ಮಿನಿಂದಲೋ ಎಂಬ ವ್ಯತ್ಯಾಸ ಆ ಗಳಿಗೆಯಲ್ಲಿ ಅಲ್ಲಿ ನಿಂತವರಿಗೆ ಉಪಯೋಗವಿಲ್ಲ, ಅವರಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಬ್ರಿಸ್ಟಲ್‌ನವರೂ ಮಾಸ್ಕ್ ಬೇಡ ಎಂದು ಎಲ್ಲೂ ಹೇಳಿಲ್ಲ. ಆದರೂ ಹಲವು ತಜ್ಞರಲ್ಲಿ ಒಂದು ಅಳುಕಿತ್ತು. ಕಣ ಕಡಿಮೆ ಎಂಬ ಅಂಕಿಯನ್ನು ಹಿಡಿದುಕೊಂಡು ಆಡಳಿತದವರು ಇರುವ ಎಫ್‌ಎಫ್‌ಪಿ3ಯನ್ನೂ ಕಿತ್ತುಕೊಂಡರೆ? ವಾರ್ಡಿಗೆ ಮಾಸ್ಕ್ ಏರಿಸಿ ಎಂದು ಹೊರಟ ವಾದ ಓಟಿಯ ಮಾಸ್ಕ್ ಇಳಿಸುವುದರಲ್ಲಿ ಮುಗಿದರೆ? ಮಾಸ್ಕಿನ ಕೊರತೆ ನೋಡಿದವರಿಗೆ ಈ ಅಳುಕು ಸಹಜ.

ಟ್ಯೂಬ್ ಹಾಕಿದವರಿಗೆ ಸೋಂಕು ತಗಲಲೇ ಇಲ್ಲ ಎಂದೂ ಅಲ್ಲ. 17 ದೇಶಗಳ 503 ಆಸ್ಪತ್ರೆಗಳಿಂದ 1718 ಸಿಬ್ಬಂದಿ ತಾವು ಭಾಗಿಯಾದ 5148 ಇನ್‌ಟ್ಯುಬೇಶನ್‌ಗಳನ್ನು (ಟ್ಯೂಬ್ ಹಾಕಿದ ಪ್ರಸಂಗಗಳನ್ನು) ಇಂಟ್ಯುಬೇಟ್‌ಕೋವಿಡ್ ಎಂಬ ದಾಖಲೆಯಲ್ಲಿ ನಮೂದಿಸಿದರು. ಅವರಲ್ಲಿ ಶೇ. 10.7 ಮಂದಿಗೆ ಮುಂದಿನ ವಾರಗಳಲ್ಲಿ ಸೋಂಕು ದೃಢಪಟ್ಟಿತು ಅಥವಾ ಲಕ್ಷಣ ಕಂಡು ಪ್ರತ್ಯೇಕವಾಗಿರಬೇಕಾಯಿತು ಅಥವಾ ಆಸ್ಪತ್ರೆ ಸೇರಬೇಕಾಯಿತು. ಹತ್ತರಲ್ಲಿ ಒಬ್ಬರು ಎಂದರೆ ಕಡಿಮೆಯೇನಲ್ಲ. ಆದರೆ ಟ್ಯೂಬ್ ಹಾಕದ ಸಿಬ್ಬಂದಿಯ ಗುಂಪು ಹೋಲಿಕೆಗೆ ಇರಲಿಲ್ಲವಾದ್ದರಿಂದ, ಸೋಂಕು ಆ ಕೆಲಸದಿಂದ ಬಂತೋ, ಕ್ಯಾಂಟೀನಿನಿಂದಲೋ, ಮನೆಯಿಂದಲೋ ಎಂದು ಅದರಿಂದ ಹೇಳಲು ಬರುವುದಿಲ್ಲ.

ಆ ಹೋಲಿಕೆ ಸಿಕ್ಕಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ

2020ರ ಏಪ್ರಿಲ್ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆ ಸಮೂಹದಲ್ಲಿ, ಕೆಲಸಕ್ಕೆ ಬರುತ್ತಿದ್ದ, ಲಕ್ಷಣವಿಲ್ಲದ ಸಿಬ್ಬಂದಿಯ ರಕ್ತ ಪರೀಕ್ಷಿಸಿ ಯಾರಿಗೆ ಮೊದಲೇ ಸೋಂಕು ಬಂದುಹೋಗಿದೆ ಎಂದು ನೋಡಿದರು. ಸ್ವಚ್ಛತೆಯ ಸಿಬ್ಬಂದಿಯಲ್ಲಿ ಶೇ. 34.5. ತುರ್ತಾಗಿ ದಾಖಲಾದವರನ್ನು ನೋಡುವ ಮೆಡಿಸಿನ್ ವಿಭಾಗದಲ್ಲಿ ಶೇ. 33ರ ಆಸುಪಾಸು, ಸಾಮಾನ್ಯ ಮೆಡಿಸಿನ್ ವಾರ್ಡುಗಳಲ್ಲಿ ಶೇ. 30ರಷ್ಟು. ದಿನಕ್ಕೆ ಹಲವು ಬಾರಿ 'ಎಜಿಪಿ' ನಡೆಯುತ್ತಿದ್ದ ಐಸಿಯುನಲ್ಲಿ ಶೇ. 15ರ ಹತ್ತಿರ.

ಈ ಸಾಲನ್ನು ನಾನು ಮೊದಲು ಓದಿದಾಗ ಮುಂದಕ್ಕೆ ಹೋಗಲಾಗಲಿಲ್ಲ. ನೆಲ ಒರೆಸುವವರಿಗೆ ಐಸಿಯು ಸಿಬ್ಬಂದಿಯ ಎರಡು ಪಟ್ಟಿಗಿಂತ ಹೆಚ್ಚು. ಅವರು ಯಾರ ಗಂಟಲಿಗೂ ಕೈ ಹಾಕಿಲ್ಲ. ಬಕೆಟ್ಟು, ಮಾಪು ಹಿಡಿದು, ಕೆಮ್ಮುವವರ ನಡುವೆ, ಮುಚ್ಚಿದ ಕಿಟಕಿಗಳ ವಾರ್ಡಿನಲ್ಲಿ ಪಾಳಿ ಮುಗಿಸಿದ್ದಾರೆ, ಅಷ್ಟೇ. ಐಸಿಯುನಲ್ಲಿ ಎಲ್ಲರಿಗೂ ಬಿಗಿ ಮಾಸ್ಕ್ ಇತ್ತು, ಗಾಳಿ ಗಂಟೆಗೆ ಹಲವು ಬಾರಿ ಬದಲಾಗುತ್ತಿತ್ತು, ಬಹುಪಾಲು ರೋಗಿಗಳ ಉಸಿರು ಫಿಲ್ಟರ್ ಇರುವ ಸರ್ಕ್ಯೂಟಿನೊಳಗೇ ಸುತ್ತುತ್ತಿತ್ತು. ಜತೆಗೆ ಅಲ್ಲಿಗೆ ಬರುವ ಹೊತ್ತಿಗೆ ಎಷ್ಟೋ ರೋಗಿಗಳ ಕಾಯಿಲೆಯ ಅತಿ ಸೋಂಕಿನ ದಿನಗಳು ಕಳೆದಿರುತ್ತಿದ್ದವು. ಅದೇ ಏಪ್ರಿಲ್‌ನಲ್ಲಿ ಟಿಮ್ ಕುಕ್ ಮತ್ತು ಜತೆಗಾರರು ಕೋವಿಡ್‌ನಿಂದ ಸತ್ತ ಬ್ರಿಟನ್ನಿನ 100ಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯ ಸಾವುಗಳನ್ನು ಪರಿಶೀಲಿಸಿದ್ದರು. ಆ ಪಟ್ಟಿಯಲ್ಲಿ ಅರಿವಳಿಕೆ ತಜ್ಞರಾಗಲಿ ಐಸಿಯು ವೈದ್ಯರಾಗಲಿ ಒಬ್ಬರೂ ಇರಲಿಲ್ಲ.

ಕೇಂಬ್ರಿಜ್‌ನ ಅಡೆನ್‌ಬ್ರೂಕ್ಸ್ ಆಸ್ಪತ್ರೆ ಇದರ ಮುಂದಿನ ಹೆಜ್ಜೆ ಇಟ್ಟಿತು. 2020ರ ಡಿಸೆಂಬರ್‌ನಲ್ಲಿ ಕೋವಿಡ್ ವಾರ್ಡಿನ ಎಲ್ಲ ಸಿಬ್ಬಂದಿಗೂ ಎಫ್‌ಎಫ್‌ಪಿ3 ಕೊಟ್ಟಿತು. ಅಲ್ಲಿಯವರೆಗೆ ಆ ವಾರ್ಡುಗಳ ಸಿಬ್ಬಂದಿಗೆ ಸೋಂಕು ಉಳಿದ ವಾರ್ಡುಗಳಿಗಿಂತ ಬಹಳ ಹೆಚ್ಚಿತ್ತು. ಮಾಸ್ಕ್ ಬದಲಾದ ಮೇಲೆ ಎರಡೂ ಕಡೆ ಹೆಚ್ಚುಕಡಿಮೆ ಸಮನಾಯಿತು. 2021ರಲ್ಲಿ ಬ್ರಿಸ್ಟಲ್ ತಂಡದವರು ಮತ್ತು ಅವರಂತೆಯೇ ಯೋಚಿಸಿದವರು ನೇರವಾಗಿ ಬರೆದರು: ರಕ್ಷಣೆಯನ್ನು ಪ್ರಕ್ರಿಯೆಯ ಹೆಸರಿಗೆ ಕಟ್ಟಬೇಡಿ. ರೋಗಿಗೆ ಸೋಂಕಿದೆಯೇ, ಎಷ್ಟು ಹತ್ತಿರ, ಎಷ್ಟು ಹೊತ್ತು, ಗಾಳಿ ಹೇಗಿದೆ ಎಂದು ನೋಡಿ ಕೊಡಿ.

ಪಟ್ಟಿ ತೆಳುವಾಗಿದ್ದು

2022ರಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆ ಪಟ್ಟಿಯನ್ನು ತಿದ್ದಿತು. ಅರಿವಳಿಕೆಗಾಗಿ ಟ್ಯೂಬ್ ಹಾಕುವುದು, ತೆಗೆಯುವುದು, ಮಾಸ್ಕಿನಲ್ಲಿ ಉಸಿರು ಕೊಡುವುದು ಪಟ್ಟಿಯಿಂದ ಹೊರಬಿದ್ದವು. ಉಳಿದುಕೊಂಡವು ಎಚ್ಚರವಿರುವ ರೋಗಿಗೆ ಮಾಡುವ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಮತ್ತು ಎಂಡೋಸ್ಕೋಪಿ, ಕಫ ಬರಿಸುವ ಪರೀಕ್ಷೆ, ಶ್ವಾಸನಾಳದ ಸಕ್ಷನ್, ಟ್ರಕಿಯಾಸ್ಟಮಿ, ವೇಗದ ಡ್ರಿಲ್ ಬಳಸುವ ಹಲ್ಲಿನ ಕೆಲಸ ಮುಂತಾದವು. ಗಮನಿಸಿ, ಇವುಗಳಲ್ಲಿ ಹೆಚ್ಚಿನವು ರೋಗಿಯನ್ನು ಕೆಮ್ಮಿಸುವಂಥವು.

ಇದರ ಪರಿಣಾಮ ಶಸ್ತ್ರಚಿಕಿತ್ಸೆಯ ಸರದಿಯ ಮೇಲೂ ಆಯಿತು. ಪಟ್ಟಿಯಲ್ಲಿದ್ದಾಗ ಪ್ರತಿ ಟ್ಯೂಬ್ ಹಾಕಿದ ಮೇಲೆ, ತೆಗೆದ ಮೇಲೆ ಓಟಿಯ ಗಾಳಿ ತಿಳಿಯಾಗುವವರೆಗೆ ಉಳಿದವರು ಹೊರಗೆ ಕಾಯಬೇಕಿತ್ತು. ದಿನಕ್ಕೆ ಮಾಡಬಹುದಾದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಇಳಿಯಿತು, ಕ್ಯಾನ್ಸರ್ ರೋಗಿಗಳೂ ಮಂಡಿ ನೋವಿನವರೂ ಸಾಲಿನಲ್ಲಿ ಹಿಂದೆ ಸರಿದರು. ಅತಿ ಎಚ್ಚರಿಕೆಗೂ ರೋಗಿಗಳು ಬೆಲೆ ತೆತ್ತರು ಎಂಬುದನ್ನು ಮರೆಯಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಈ ನಡುವೆ ಸರಿಯಿತು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಸಾರಿದ್ದ ಸಂಸ್ಥೆ 2021ರಲ್ಲಿ ಗಾಳಿಯಲ್ಲಿ ತೇಲುವ ಕಣಗಳ ಪಾತ್ರವನ್ನು ಒಪ್ಪಿತು. 2024ರ ಏಪ್ರಿಲ್‌ನಲ್ಲಿ, ದೊಡ್ಡ ಹನಿ ಮತ್ತು ಏರೋಸಾಲ್ ಎಂದು 5 ಮೈಕ್ರಾನ್‌ನಲ್ಲಿ ಎಳೆದಿದ್ದ ಹಳೆಯ ಗೆರೆಯನ್ನು ಬಿಟ್ಟು, ಎಲ್ಲ ಗಾತ್ರದ ಸೋಂಕಿನ ಕಣಗಳೂ ಒಂದೇ ಹರವಿನಲ್ಲಿವೆ ಎಂದಿತು. ನಿಶ್ಚಲ ಗಾಳಿಯಲ್ಲಿ 100 ಮೈಕ್ರಾನ್‌ನ ಹನಿ ಆಳೆತ್ತರದಿಂದ ಕೆಲವೇ ಸೆಕೆಂಡುಗಳಲ್ಲಿ ನೆಲ ಸೇರುತ್ತದೆ, 5 ಮೈಕ್ರಾನ್‌ನದು ಅರ್ಧ ಗಂಟೆ ತೇಲುತ್ತದೆ. ಆ ಅರ್ಧ ಗಂಟೆಯಲ್ಲಿ ಕೋಣೆಗೆ ಬಂದು ಹೋಗುವವರೆಲ್ಲ ಅದನ್ನು ಉಸಿರಾಡುತ್ತಾರೆ.

ನಮ್ಮ ಕಡೆ

ಭಾರತದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ಆಯಿತು. ಆ ರೋಗಿಯನ್ನು ನೋಡಿದ ವೈದ್ಯರೊಬ್ಬರಿಗೂ ಸೋಂಕು ದೃಢಪಟ್ಟಿತು. ಅವರು ನೋಡಿದ್ದು ರೋಗಿಯ ಮನೆಯಲ್ಲಿ. ಅಲ್ಲಿ ಲ್ಯಾರಿಂಗೋಸ್ಕೋಪ್ ಇರಲಿಲ್ಲ, ಟ್ಯೂಬೂ ಇರಲಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಕೋವಿಡ್ ಜತೆ ಮುಗಿಯುವಂಥದ್ದೂ ಅಲ್ಲ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಭಾರತದಲ್ಲಿದ್ದಾರೆ, ಮತ್ತು ಕ್ಷಯ ಹರಡುವುದು ಗಾಳಿಯ ದಾರಿಯಲ್ಲೇ. ಆರೋಗ್ಯ ಸಂಸ್ಥೆಗಳಲ್ಲಿ ಗಾಳಿಯಿಂದ ಹರಡುವ ಸೋಂಕನ್ನು ತಡೆಯುವ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆ 2010ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕೆಮ್ಮುವವರನ್ನು ಮೊದಲೇ ಗುರುತಿಸಿ ಬೇರೆ ಕೂರಿಸುವುದು, ಎದುರುಬದುರು ಕಿಟಕಿ ತೆರೆದಿಡುವುದು ಅದರ ಮುಖ್ಯ ಮಾತುಗಳು. ತಾಲ್ಲೂಕು ಆಸ್ಪತ್ರೆಯ ಓಟಿಗೆ ಸಿಸೇರಿಯನ್‌ಗೋ ಹರ್ನಿಯಾಕ್ಕೋ ಬಂದವರಲ್ಲಿ ಯಾರಿಗೆ ಕ್ಷಯವಿದೆ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ.

ಎಷ್ಟೋ ಚಿಕ್ಕ ಓಟಿಗಳಲ್ಲಿ ಇರುವುದು ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿ. ಅದು ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಕೋಣೆಗೇ ಬಿಡುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಗಂಟೆಗೆ 20 ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳಲ್ಲಿ ಶೇ. 99 ಹೋಗಲು 14 ನಿಮಿಷ ಸಾಕು. 6 ಬಾರಿ ಬದಲಾಗುವ ಕಡೆ 46 ನಿಮಿಷ ಬೇಕು. ಕಿಟಕಿ ಮುಚ್ಚಿ ಸ್ಪ್ಲಿಟ್ ಎಸಿ ಹಾಕಿದ ರಿಕವರಿ ಕೋಣೆಯಲ್ಲಿ ಕಾಯಬೇಕಾದ ಹೊತ್ತು ಅದಕ್ಕಿಂತಲೂ ಉದ್ದ, ಅಲ್ಲೇ ನಾಲ್ಕಾರು ರೋಗಿಗಳು ಒಬ್ಬರ ಹಿಂದೊಬ್ಬರು ಎಚ್ಚರಗೊಳ್ಳುತ್ತ ಕೆಮ್ಮುತ್ತಿರುತ್ತಾರೆ.

ಬ್ರಿಸ್ಟಲ್‌ನ ಅಂಕಿಗಳನ್ನು ನಮ್ಮ ಓಟಿಗೆ ತಂದುಕೊಳ್ಳಲು ದುಬಾರಿ ಯಂತ್ರವೇನೂ ಬೇಡ. ಟ್ಯೂಬ್ ಹಾಕುವಾಗ ಸ್ನಾಯು ಸಡಿಲಿಸುವ ಔಷಧಕ್ಕೆ ಪೂರ್ತಿ ಸಮಯ ಕೊಡುವುದು. ಟ್ಯೂಬ್ ತೆಗೆಯುವ ಮುನ್ನ, ರೋಗಿ ಇನ್ನೂ ಆಳದ ನಿದ್ದೆಯಲ್ಲಿರುವಾಗಲೇ ಸಕ್ಷನ್ ಮುಗಿಸಿಕೊಂಡು, ಬೇಡದವರನ್ನು ಹೊರಗೆ ಕಳಿಸಿ, ತೆಗೆದ ಕೂಡಲೇ ರೋಗಿಯ ಮುಖಕ್ಕೆ ಆಮ್ಲಜನಕದ ಮಾಸ್ಕ್ ಇಡುವುದು. ಗಾಡಿ ತಳ್ಳುವವರನ್ನು ಕೆಮ್ಮು ನಿಂತ ಮೇಲೆ ಒಳಗೆ ಕರೆಯುವುದು. ರಿಕವರಿ ಕೋಣೆಗೆ ಹೊರಗಾಳಿ ಬರುವ ಕಿಟಕಿಯನ್ನೋ ಗಾಳಿ ಹೊರದೂಡುವ ಎಕ್ಸಾಸ್ಟ್ ಫ್ಯಾನನ್ನೋ ಹಾಕಿಸಿಕೊಳ್ಳುವುದು.

ಇನ್ನು ಮಾಸ್ಕಿನ ಹಂಚಿಕೆ. ಸ್ಟೋರಿನಲ್ಲಿ ಎನ್-95 ಕಡಿಮೆ ಇದ್ದಾಗ ಈಗಲೂ ಮೊದಲು ಓಟಿಗೆ ಕಳಿಸಿ, ಉಳಿದರೆ ಬೇರೆಯವರಿಗೆ ಎಂಬ ರೂಢಿ ಬಹಳ ಕಡೆ ಇದೆ. ಕಫ ಪರೀಕ್ಷೆಗೆ ಡಬ್ಬಿ ಕೊಡುವ ಲ್ಯಾಬ್ ಸಿಬ್ಬಂದಿ, ಜ್ವರದ ಓಪಿಡಿಯಲ್ಲಿ ಚೀಟಿ ಬರೆಯುವವರು, ಮೆಡಿಕಲ್ ವಾರ್ಡಿನ ಸಿಸ್ಟರ್, ಆಯಾ, ಕಸ ಗುಡಿಸುವವರು ಆ ಸ್ಟೋರಿನ ಇಂಡೆಂಟ್ ಪುಸ್ತಕದಲ್ಲಿ ಮೇಲಿನ ಸಾಲುಗಳಿಗೆ ಬರಬೇಕು. ಅದಕ್ಕಾಗಿ ಮೊದಲು ಸಹಿ ಹಾಕಿ ಒತ್ತಾಯಿಸಬೇಕಾದವರು ನಮ್ಮ ಅರಿವಳಿಕೆ ತಜ್ಞರೇ, ಏಕೆಂದರೆ ಅಳೆದು ನೋಡಿದ ಪುರಾವೆ ಅವರ ಕೈಯಲ್ಲಿದೆ.